ಬಿಸಿಲಿಗೆ ಗೇಮಿಂಗ್ ಕಂಪ್ಯೂಟರ್ ಕುದಿಯುತ್ತಿದೆ, ಇನ್ನೂ ಮೂರು ಫ್ಯಾನ್ ಹಾಕಿಸಲೇ?

ಪ್ರಶ್ನೆ (ನೆಹರೂ ಗಂಜ್, ಕಲಬುರಗಿ):
ನಮಸ್ಕಾರ ಸರ್. ನನ್ನದು ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಚಳಿಗಾಲದಲ್ಲಿ ಯಾವ ತಕರಾರೂ ಇರಲಿಲ್ಲ. ಏಪ್ರಿಲ್ ಬಂದ ಮೇಲೆ ಅರ್ಧ ಗಂಟೆ ಆಡಿದರೆ ಸಾಕು, ಆಟ ತಡವರಿಸುತ್ತದೆ. ಪ್ರೊಸೆಸರ್ 88, ಕಾರ್ಡ್ 84 ಡಿಗ್ರಿ ತೋರಿಸುತ್ತದೆ. ಕ್ಯಾಬಿನೆಟ್‌ಗೆ ಮುಂದೆ ಗಾಜು, ಅದರ ಹಿಂದೆ ಬಣ್ಣದ ದೀಪದ ಮೂರು ಫ್ಯಾನ್, ಬೆನ್ನಿಗೆ ಒಂದು. ಇಟ್ಟಿರುವುದು ಮೇಜಿನ ಕೆಳಗಿನ ಗೂಡಿನಲ್ಲಿ. ಅಂಗಡಿಯವರು ಮೇಲೆ ಮೂರು ಫ್ಯಾನ್ ಹಾಕಿಸಿ ಎನ್ನುತ್ತಾರೆ, ಗೆಳೆಯ ವಾಟರ್ ಕೂಲಿಂಗ್ ಎನ್ನುತ್ತಾನೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ (ಕಂಪ್ಯೂಟರ್ ದುರಸ್ತಿ ತಂತ್ರಜ್ಞ):
ಸದ್ಯಕ್ಕೆ ಎರಡಕ್ಕೂ ಬೇಡ, ತಮ್ಮಾ. ಗಾಳಿಯ ಫ್ಯಾನ್ ಆಗಲಿ, ವಾಟರ್ ಕೂಲಿಂಗ್ ಆಗಲಿ, ಕೋಣೆಗಿಂತ ತಣ್ಣಗೆ ಮಾಡಲಾರವು. ಜನವರಿಗಿಂತ ಈಗ ನಿಮ್ಮ ಕೋಣೆ ಹತ್ತು ಡಿಗ್ರಿ ಬಿಸಿ ಇದ್ದರೆ ಒಳಗಿನ ಚಿಪ್ಪುಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಈ ಪ್ರೊಸೆಸರ್‌ನ ಮಿತಿ 90. ಈ ಕಾರ್ಡ್ ಸಾಮಾನ್ಯವಾಗಿ 83ರ ಸುಮಾರಿಗೆ ತಾನಾಗಿ ವೇಗ ಇಳಿಸುತ್ತದೆ. ತಡವರಿಕೆಗೆ ಕಾರಣ ಅಲ್ಲೇ ಇದೆ.

ಮೊದಲು ಗೂಡಿನಿಂದ ಹೊರಗೆ ತೆಗೆಯಿರಿ. ಆಟದ ಭರದಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಸೇರಿ ಸುಮಾರು 250 ವ್ಯಾಟ್ ಶಾಖ ಉಗುಳುತ್ತವೆ. ಹಿಂಬದಿಯಿಂದ ಹೋದ ಬಿಸಿಗಾಳಿ ಗೂಡಿನಲ್ಲೇ ಸುತ್ತಿ ಮುಂದಿನ ಫ್ಯಾನಿಗೆ ಮತ್ತೆ ಸಿಗುತ್ತದೆ. ಹಾಗಿರುವಾಗ ಹತ್ತು ಫ್ಯಾನ್ ಹಾಕಿದರೂ ಅದೇ ಗಾಳಿಯ ಪ್ರದಕ್ಷಿಣೆ.

ಆಮೇಲೆ ಒಂದು ಪರೀಕ್ಷೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಆಟ ಅರ್ಧ ಗಂಟೆ ಆಡಿ. ಎಂಟು-ಹತ್ತು ಡಿಗ್ರಿ ಇಳಿದರೆ ದೋಷ ಗಾಳಿಯ ದಾರಿಯದು, ಅಂದರೆ ಬಹುತೇಕ ಆ ಮುಂದಿನ ಗಾಜಿನದು. ಅಂಚಿನ ಸಂದಿಯಿಂದ ಮೂರು ಫ್ಯಾನ್ ಎಷ್ಟು ಎಳೆದಾವು? ನೋಡಲು ಚೆಂದ, ನಮ್ಮ ಊರಿಗೆ ಅಲ್ಲ. ಏನೂ ಇಳಿಯದಿದ್ದರೆ ಹೀಟ್‌ಸಿಂಕ್‌ನ (ಚಿಪ್ಪಿನ ಶಾಖ ಹೀರುವ ಲೋಹದ ಪಟ್ಟಿಗಳು) ಧೂಳು ಅಥವಾ ಚಿಪ್ಪಿಗೂ ಅದಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆಯೇ ನೋಡಬೇಕು.

ಫ್ಯಾನ್‌ಗಳ ದಿಕ್ಕನ್ನೂ ನೋಡಿ. ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಜೋಡಿಸಿದವರು ಒಂದನ್ನು ತಿರುವುಮುರುವಾಗಿ ಕೂರಿಸಿರುವುದು ಅಪರೂಪವೇನಲ್ಲ. ಮೇಲೆ ಹಾಕಿಸುವುದೇ ಆದರೆ ಹಿಂಬದಿಯ ಮೂಲೆಗೆ ಒಂದೇ ಸಾಕು. ಮೇಲೆ ಮುಂಬದಿಯಲ್ಲಿ ಹಾಕಿದ ಫ್ಯಾನ್, ಒಳಗೆ ಬಂದ ಹೊಸ ಗಾಳಿಯನ್ನು ಪ್ರೊಸೆಸರ್ ತಲುಪುವ ಮೊದಲೇ ಹೊರಗೆ ಎಳೆದುಬಿಡುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಬಾಗಿಲು ತೆಗೆದೇ ಇಟ್ಟು, ರೂಮ್ ಕೂಲರನ್ನು ಅದರತ್ತ ತಿರುಗಿಸಲೇ?

ಉತ್ತರ:
ದಯವಿಟ್ಟು ಬೇಡ. ಗಂಜ್‌ನಲ್ಲಿ ತೊಗರಿಯ ಹೊಟ್ಟು, ಧೂಳು ಗಾಳಿಯಲ್ಲೇ ಇರುತ್ತದೆ. ಬಾಗಿಲು ತೆರೆದಿಟ್ಟರೆ ಅಷ್ಟೂ ಕಾರ್ಡಿನ ಮೇಲೆ ಕೂರುತ್ತದೆ. ಅದರ ಮೇಲೆ ಕೂಲರಿನ ತೇವ ಬಿದ್ದರೆ ಹೀಟ್‌ಸಿಂಕ್‌ನ ಸಂದಿಗಳಲ್ಲಿ ಕೆಸರಾಗಿ ಮೆತ್ತಿಕೊಳ್ಳುತ್ತದೆ. ಕೂಲರ್ ಕೋಣೆಯನ್ನು ತಂಪು ಮಾಡಲಿ, ಕಿಟಕಿ ತೆರೆದಿರಲಿ. ಅದರ ಗಾಳಿ ನೇರವಾಗಿ ಕಂಪ್ಯೂಟರಿಗೆ ತಾಗಬಾರದು. ಒಳಗೆ ಎಳೆಯುವ ಫ್ಯಾನ್ ಹೆಚ್ಚು, ಹೊರಗೆ ತಳ್ಳುವವು ಕಡಿಮೆ ಇದ್ದರೆ ಸಂದಿಗಳಿಂದ ಧೂಳು ನುಗ್ಗುವುದೂ ತಗ್ಗುತ್ತದೆ. ನಿಮ್ಮ ಮೂರು-ಒಂದರ ಲೆಕ್ಕ ಆ ಮಟ್ಟಿಗೆ ಸರಿಯಾಗಿದೆ.

ಬೀದರಿನ ಸದಸ್ಯರು:
ನಾನು ಬ್ಲೋಯರಿನಿಂದ ಧೂಳು ಹೊಡೆಯುತ್ತೇನೆ, ಫ್ಯಾನ್ ಗರಗರ ತಿರುಗುತ್ತದೆ. ಪರವಾಗಿಲ್ಲವೇ?

ಉತ್ತರ:
ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಹೊಡೆಯಿರಿ. ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಸ್ವಿಚ್ ಆರಿಸಿರಬೇಕು ಎಂದು ಬೇರೆ ಹೇಳಬೇಕಿಲ್ಲ ಎಂದುಕೊಳ್ಳುತ್ತೇನೆ. ತಳದಲ್ಲಿ, ಪವರ್ ಸಪ್ಲೈ ಕೆಳಗಿರುವ ಜಾಲರಿಯನ್ನು ಎಲ್ಲರೂ ಮರೆಯುತ್ತಾರೆ. ಅದನ್ನೂ ಎಳೆದು ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಪ್ರಶ್ನೆ ಕೇಳಿದವರು:
ಗೂಡಿನಿಂದ ತೆಗೆದೆ ಸರ್. ಬಾಗಿಲು ಮುಚ್ಚಿದ್ದರೆ ಪ್ರೊಸೆಸರ್ 83, ಕಾರ್ಡ್ 80. ಬಾಗಿಲು ತೆಗೆದರೆ 74, 71.

ಉತ್ತರ:
ಹಾಗಾದರೆ ಗಾಜಿನದೇ ಕರಾಮತ್ತು. ಕ್ಯಾಬಿನೆಟ್ ಮಾದರಿಯ ಹೆಸರು ಇಲ್ಲಿ ಹಾಕಿ, ಅದಕ್ಕೆ ಜಾಲರಿಯ ಮುಂಭಾಗ ಬಿಡಿಯಾಗಿ ಸಿಗುತ್ತದೆಯೇ ನೋಡೋಣ. ಅಲ್ಲಿಯವರೆಗೆ ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಕಾರ್ಡ್ ಬಿಡಿಸುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೆ ಇಟ್ಟುಕೊಳ್ಳಿ. ನಿಮ್ಮ ಮಾನಿಟರ್ 60 ಹರ್ಟ್ಸ್‌ದಾದರೆ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು) ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ಕಾರ್ಡಿಗೆ ಮಾತ್ರ ಕೆಲಸ ಕಡಿಮೆಯಾಗುತ್ತದೆ.