ಹೊಸ ನಗರ, ಹೊಸ ಬದುಕು: ಹಗುರ ಧಾಟಿಯ ಹದಿಹರೆಯದ ಕಾದಂಬರಿಯಲ್ಲಿ ನೋವಿಗೆ ಎಷ್ಟು ಜಾಗ?

ಪ್ರಶ್ನೆ

ಹದಿಹರೆಯದ ಓದುಗರಿಗಾಗಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ತಂದೆ ತಾಯಿ ಬೇರೆಯಾದ ಮೇಲೆ 16 ವರ್ಷದ ಹುಡುಗಿಯೊಬ್ಬಳು ತಾಯಿಯೊಂದಿಗೆ ಪರಿಚಯವೇ ಇಲ್ಲದ ನಗರಕ್ಕೆ ಬಂದು, ಮೊದಲಿನಿಂದ ಬದುಕು ಕಟ್ಟಿಕೊಳ್ಳುವುದು ಅದರ ವಸ್ತು. ಧಾಟಿ ಹಗುರವಾಗಿರಬೇಕೆಂಬುದು ನನ್ನ ಆಸೆ. ಆದರೆ ನಗಿಸಲು ಹೊರಟಾಗಲೆಲ್ಲ ಅವಳ ನೋವು ಸುಳ್ಳೆನಿಸುತ್ತದೆ, ನೋವನ್ನು ಬರೆದರೆ ಮೂರೇ ಪುಟಗಳಲ್ಲಿ ಕಥೆ ಭಾರವಾಗಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಹೇಗೆ?

ಮೊದಲ ಉತ್ತರ

ನಗುವನ್ನೂ ನೋವನ್ನೂ ನೀವು ಬೇರೆ ಬೇರೆ ಪುಟಗಳಲ್ಲಿ ಇಡುತ್ತಿರುವುದೇ ತೊಡಕಿನ ಮೂಲವೆಂದು ನನಗೆ ಅನಿಸುತ್ತದೆ. ಹೊಸ ಊರಿಗೆ ಬಂದವರು ಪೇಚಿಗೆ ಸಿಲುಕುವುದು, ಹಳೆಯ ಊರಿನಲ್ಲಿ ಸರಿಯಾಗಿದ್ದ ಲೆಕ್ಕಾಚಾರವನ್ನೇ ಇಲ್ಲಿಯೂ ಪೂರ್ಣ ವಿಶ್ವಾಸದಿಂದ ಬಳಸುವುದರಿಂದ. ನಿಮ್ಮ ಹುಡುಗಿ ಬಸ್ಸಿನ ಸಂಖ್ಯೆಯನ್ನು ಸರಿಯಾಗಿಯೇ ನೋಡಿ, ಎದುರು ದಿಕ್ಕಿಗೆ ಹೋಗುವ ಬಸ್ಸನ್ನು ಹತ್ತಿ, ತಪ್ಪು ತಿಳಿದ ಮೇಲೂ ಪಕ್ಕದವರ ಮುಂದೆ ಒಪ್ಪಿಕೊಳ್ಳಲಾರದೆ ಕೊನೆಯ ನಿಲ್ದಾಣದವರೆಗೂ ಕುಳಿತಿರಲಿ. ಇಂಥ ಪೇಚಾಟಗಳನ್ನು ಅವಳು ಹೇಳಿಕೊಂಡು ನಗುತ್ತಿದ್ದುದು ತಂದೆಯೊಂದಿಗೆ ಎಂಬುದನ್ನು ಅಲ್ಲಿಯೇ ಒಂದು ವಾಕ್ಯದಲ್ಲಿ ತಂದರೆ, ನಗುತ್ತಿರುವ ಓದುಗರಿಗೇ ಅದು ತಟ್ಟುತ್ತದೆ.

ಜಪಾನಿನ ಲೇಖಕಿ ಎಯಿಕೊ ಕಡೊನೊ ಅವರು 1985ರಲ್ಲಿ ಪ್ರಕಟಿಸಿದ ಕಿಕಿಯ ಕಥೆಯನ್ನು ದಯವಿಟ್ಟು ಓದಿ. 13ನೆಯ ವಯಸ್ಸಿಗೆ ಮನೆ ಬಿಟ್ಟು, ಮಾಟಗಾತಿಯರಿಲ್ಲದ ಊರೊಂದರಲ್ಲಿ ವರ್ಷಕಾಲ ಸ್ವಂತ ದುಡಿಮೆಯಿಂದ ಬದುಕಬೇಕಾದ ಪುಟ್ಟ ಮಾಟಗಾತಿ ಅವಳು. ಪೊರಕೆಯ ಮೇಲೆ ಹಾರುವ ವಿದ್ಯೆಯನ್ನೇ ನಂಬಿ ಸಾಮಾನು ತಲುಪಿಸುವ ಕೆಲಸ ಹಿಡಿಯುತ್ತಾಳೆ. ಒಂದೊಂದು ಕೆಲಸದಲ್ಲಿ ಒಬ್ಬೊಬ್ಬ ಹೊಸ ಮನುಷ್ಯರ ಪರಿಚಯವಾಗಿ ಊರು ಅವಳದಾಗುತ್ತ ಹೋಗುತ್ತದೆ. ಖಳನೊಬ್ಬನ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಮಾತು ಒಪ್ಪಿಗೆಯೇ, ಆದರೆ ಬರಿಯ ಪ್ರಸಂಗಗಳನ್ನು ಪೋಣಿಸಿದರೆ ಕಾದಂಬರಿ ಸಡಿಲವಾದೀತು. ಊರಿನಲ್ಲಿ ಉಳಿದ ಗೆಳತಿಯೊಬ್ಬಳನ್ನು ಇಟ್ಟುಕೊಳ್ಳಿ. ಜೀನ್ ವೆಬ್‌ಸ್ಟರ್ ಅವರ 1912ರ ‘ಡ್ಯಾಡಿ ಲಾಂಗ್ ಲೆಗ್ಸ್’ ಕಾದಂಬರಿಯಲ್ಲಿ, ಮೊದಲ ಅಧ್ಯಾಯವನ್ನು ಬಿಟ್ಟರೆ ಉಳಿದದ್ದೆಲ್ಲವೂ ಅನಾಥಾಲಯದಿಂದ ಕಾಲೇಜಿಗೆ ಬಂದ ಹುಡುಗಿ ತನ್ನ ಅಪರಿಚಿತ ಪೋಷಕನಿಗೆ ಬರೆಯುವ ಪತ್ರಗಳೇ. ಅವಳ ಲವಲವಿಕೆಯೂ ಒಂಟಿತನವೂ ಒಂದೇ ಪತ್ರದಲ್ಲಿ ಕಾಣುತ್ತವೆ. ನಿಮ್ಮ ಹುಡುಗಿಯೂ ಬಸ್ಸಿನ ಪ್ರಸಂಗವನ್ನು ಗೆಳತಿಗೆ ಸಂದೇಶದಲ್ಲಿ ತಮಾಷೆಯಾಗಿ ಬರೆಯಲಿ, ಆದರೆ ನಡೆದದ್ದರಲ್ಲಿ ಒಂದನ್ನು ಮಾತ್ರ ಬಿಟ್ಟುಬಿಡಲಿ. ಬಿಟ್ಟದ್ದು ಯಾವುದೆಂದು ಓದುಗರಿಗೆ ಗೊತ್ತಿರುತ್ತದೆ. ತಿಂಗಳುಗಳು ಕಳೆದಂತೆ ಸಂದೇಶಗಳು ಚಿಕ್ಕದಾಗಲಿ. ಅದಕ್ಕೆ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಬೇಡಿ.

ಇನ್ನೊಂದು ಮಾತು: ತಾಯಿಯೂ ಆ ನಗರಕ್ಕೆ ಹೊಸಬಳೇ. ಬುದ್ಧಿ ಹೇಳುವುದಕ್ಕಷ್ಟೇ ಅವಳನ್ನು ಕರೆತರಬೇಡಿ.

ಮೂರನೆಯ ಉತ್ತರ

ಆಪ್ತ ಗೆಳತಿ, ಪ್ರೀತಿಸುವ ಹುಡುಗ, ಶಾಲೆಯ ಮೆಚ್ಚುಗೆ, ಈ ಮೂರನ್ನೂ ಮೊದಲ ಐವತ್ತು ಪುಟಗಳಲ್ಲೇ ಕೊಟ್ಟುಬಿಡಬೇಡಿ. ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕದಲ್ಲಿ ಕೂರುವುದೆಂಬ ಚಿಂತೆಗೇ ಒಂದು ಇಡೀ ಅಧ್ಯಾಯದಷ್ಟು ಕಸುವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಬಸ್ಸಿನ ಅಧ್ಯಾಯವನ್ನು ಬರೆಯಲು ತೊಡಗಿದ್ದೇನೆ. ಹುಡುಗಿ ತಡವಾಗಿ ಮನೆ ತಲುಪಿ, ಸಬೂಬು ಹುಡುಕುತ್ತ ಬಾಗಿಲಲ್ಲಿ ನಿಂತಿರುವಾಗ, ಅವಳಿಗಿಂತಲೂ ತಡವಾಗಿ ತಾಯಿ ಬರುತ್ತಾಳೆ; ಅವಳೂ ದಾರಿ ತಪ್ಪಿದ್ದಳು.