ಪದಚರ್ಚೆ: ಅರ್ಧಕ್ಕೆ ನಿಂತ ಮನೆ ಕೆಲಸಕ್ಕೆ ಏನನ್ನೋಣ?

ಗೆಳೆಯರೇ,

ಸಾಲಕ್ಕಾಗಿ ಮನೆಗೆ ಬೆಲೆ ಕಟ್ಟುವ ವರದಿಗಳನ್ನು ಒಂದು ಸಹಕಾರ ಸಂಘಕ್ಕೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ತಮ್ಮ ಮನೆ ಬಗ್ಗೆ ಏನು ಬರೆದಿದ್ದಾರೆ ಅಂತ ಸಾಲಗಾರರಿಗೆ ಓದಿದರೆ ಗೊತ್ತಾಗಬೇಕು, ಅಷ್ಟೇ. ರಿನೊವೇಷನ್ ಶುರುಮಾಡಿ ಮುಗಿಸದೆ ಬಿಟ್ಟ ಮನೆ ಬಂದಾಗಲೆಲ್ಲ ಪೆನ್ನು ನಿಲ್ಲುತ್ತದೆ.

ಈಗ ಬರೆಯುತ್ತಿರುವುದು ‘ಅಪೂರ್ಣ ನವೀಕರಣ’. ನವೀಕರಣ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಲೈಸೆನ್ಸು. ‘ದುರಸ್ತಿ’ ಅಂದರೆ ಜಮೀನಿನ ಕಾಗದ ಹಿಡಿದು ಓಡಾಡಿದವರಿಗೆ ಅದು ಪೋಡಿ ದುರಸ್ತಿ, ಅಂದರೆ ಸರ್ವೆ ದಾಖಲೆಯಲ್ಲಿ ಜಮೀನಿನ ಪಾಲು ಬೇರೆ ಮಾಡುವುದು. ಜೀರ್ಣೋದ್ಧಾರವನ್ನು ದೇವಸ್ಥಾನಕ್ಕೇ ಬಿಡೋಣ. ‘ಮೌಲ್ಯಮಾಪನ’ವಂತೂ ಪಿಯುಸಿ ಉತ್ತರಪತ್ರಿಕೆಯ ಸೊತ್ತಾಗಿದೆ, ಅಲ್ವಾ? ಅದಕ್ಕೇ ನಾನು ‘ಬೆಲೆ ಕಟ್ಟುವುದು’ ಅಂತಲೇ ಬರೆಯುತ್ತೇನೆ.

‘ಅಪೂರ್ಣ’ದ ಮೇಲೆ ನನ್ನ ತಕರಾರು ಜಾಸ್ತಿ. ಕೆಲಸದವರು ದಿನಾ ಬರುತ್ತಿದ್ದಾರೆ, ಸಿಮೆಂಟು ಇಳಿಯುತ್ತಿದೆ ಅನ್ನುವ ಮನೆಯೂ ಅಪೂರ್ಣವೇ. ದುಡ್ಡು ಮುಗಿದು, ಮೇಸ್ತ್ರಿ ಜಗಳವಾಡಿ ಹೋಗಿ, ಪಿಲ್ಲರ್ ಕಂಬಿ ಮಳೆಗೆ ತುಕ್ಕು ಹಿಡಿಯುತ್ತಿರುವ ಮನೆಯೂ ಅಪೂರ್ಣವೇ. ಬೆಲೆ ಕಟ್ಟುವವರಿಗೆ ಇವೆರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಎಷ್ಟು ಕೆಲಸ ಆಗಿದೆ ಎಂದು ನೋಡಿ ಸಾಲವನ್ನು ಕಂತುಕಂತಾಗಿ ಬಿಡುವ ದಾರಿ ಇದೆ. ಎರಡನೆಯದನ್ನು ಇವತ್ತು ಇದ್ದ ಹಾಗೆ ಮಾರಿದರೆ ಎಷ್ಟು ಬರುತ್ತದೆ ಅನ್ನುವುದೇ ಪ್ರಶ್ನೆ.

ಇದ್ದ ಹಾಗೆ ಅಂದರೆ ಹೇಗೆ? ಅಡುಗೆಮನೆಯ ಕಡಪ ಕಲ್ಲು ಕಿತ್ತಿದೆ. ಬಚ್ಚಲಿನ ಟೈಲ್ಸ್ ಒಡೆದು ಪೈಪು ಬಾಯಿಬಿಟ್ಟಿದೆ. ವೈರಿಂಗಿಗೆ ಅಂತ ಗೋಡೆ ಕೊರೆದು ಸುಮ್ನೆ ಬಿಟ್ಟಿದ್ದಾರೆ. ಇಂಥ ಮನೆ, ಕೆಲಸಕ್ಕೆ ಕೈಹಾಕುವ ಮುಂಚಿಗಿಂತ ಕಮ್ಮಿ ಬೆಲೆಗೂ ಇಳಿಯಬಹುದು. ಮೊದಲು ಹಳೇದಾದರೂ ಒಲೆ ಹಚ್ಚುವ ಅಡುಗೆಮನೆ ಇತ್ತಲ್ಲ!

ಮಾಲೀಕರ ಲೆಕ್ಕವೇ ಬೇರೆ. ಹಳೇ ಮನೆ 60 ಲಕ್ಷ, ನಾನು ಹಾಕಿದ್ದು 15 ಲಕ್ಷ, ಒಟ್ಟು 75 ಅನ್ನುತ್ತಾರೆ. ಬೆಲೆ ಕಟ್ಟುವವರು ಸಾಮಾನ್ಯವಾಗಿ ಕೆಲಸ ಮುಗಿದ ಮನೆಯ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಕೆಲಸವೆಲ್ಲ ಮುಗಿದಿದ್ದರೆ 80 ಲಕ್ಷ ಅಂತಿಟ್ಟುಕೊಳ್ಳಿ. ಮುಗಿಸಲು 12 ಬೇಕು, ಅದನ್ನು ಕಳೆದರೆ 68. ಕೊಂಡವರಿಗೆ ಆಗುವ ತಾಪತ್ರಯಕ್ಕೆ ಇನ್ನೊಂದಿಷ್ಟು ಕಡಿತ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಮನೆ ಸಾಲಕ್ಕೆ ಬ್ಯಾಂಕುಗಳು ಬೆಲೆಯ ಶೇ. 80ರಷ್ಟನ್ನು ಮಾತ್ರ ಕೊಡಬಹುದು. ಆ ಲೆಕ್ಕದಲ್ಲಿ ಬೆಲೆ 12 ಲಕ್ಷ ಇಳಿದರೆ ಸಾಲದ ಮಿತಿಯೂ 9.6 ಲಕ್ಷ ಇಳಿಯುತ್ತದೆ. ಹೊಟ್ಟೆ ಉರಿಯುವುದು ಅಲ್ಲೇ. ಇನ್ನು ಮಂಜೂರಾದ ನಕ್ಷೆಯಲ್ಲಿ ಇಲ್ಲದ ರೂಮು ಎಬ್ಬಿಸಿದ್ದರಂತೂ ಅದನ್ನು ಲೆಕ್ಕಕ್ಕೇ ಹಿಡಿಯದಿರಬಹುದು.

ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಇದರ ಜೊತೆ ಬೆರೆಸಬೇಡಿ. ಅದು ಸರ್ಕಾರ ಏರಿಯಾವಾರು ಗೊತ್ತುಮಾಡಿದ ದರ. ನಿಮ್ಮ ಬಚ್ಚಲಿನ ಟೈಲ್ಸು ಅದಕ್ಕೆ ಬೇಕಿಲ್ಲ.

ಸದ್ಯಕ್ಕೆ ನನ್ನ ಆಯ್ಕೆ ಹೀಗಿದೆ: ‘ನಡೆಯುತ್ತಿರುವ ಕೆಲಸ’, ‘ಅರ್ಧಕ್ಕೆ ನಿಂತ ಕೆಲಸ’, ‘ಬಾಕಿ ಕೆಲಸದ ಖರ್ಚು’. ‘ಅರೆಬರೆ’ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದರಲ್ಲಿ ಬೈಗುಳದ ವಾಸನೆ ಇದೆ. ಮಾಡಿದ ಕೆಲಸವೇ ಸರಿಯಿಲ್ಲ ಅಂದಹಾಗೆ. ‘ಅರ್ಧಂಬರ್ಧ’ವೂ ಹಾಗೇ. ‘ಅರ್ಧಕ್ಕೆ ನಿಂತ’ ಅಂದರೆ ಕೆಲಸದ ಗುಣಮಟ್ಟದ ಮಾತು ಬರುವುದಿಲ್ಲ. ಸರಿಯಾಗಿ ಅರ್ಧವೇ ಆಗಿರಬೇಕು ಅಂತ ಯಾರೂ ಅಳೆಯುವುದೂ ಇಲ್ಲ.

ಕೇಳಬೇಕಿರುವುದು ಎರಡು. ಮುಗಿಸಲು ಬೇಕಾದ ಹಣಕ್ಕೆ ನಿಮ್ಮ ಕಡೆ ಗಾರೆಯವರು, ಕಂಟ್ರಾಕ್ಟರುಗಳು ಒಂದೇ ಮಾತಿನಲ್ಲಿ ಏನಾದರೂ ಅನ್ನುತ್ತಾರಾ? ಪ್ಲಾಸ್ಟರ್ ಆಗದ ಗೋಡೆಗೆ ನಾನು ‘ಗಾರೆಯಾಗದ ಗೋಡೆ’ ಅಂತ ಬರೆದಿದ್ದೇನೆ. ಧಾರವಾಡದ ಕಡೆಯವರಿಗೆ ‘ಗಿಲಾವ್’, ಕರಾವಳಿಯವರಿಗೆ ‘ಸಾರಣೆ’ ಹತ್ತಿರವಾದೀತು. ಎಲ್ಲ ಕಡೆ ಓದುವ ವರದಿಯಲ್ಲಿ ಯಾವುದನ್ನು ಇಡೋಣ, ಇಲ್ಲಾ ‘ಪ್ಲಾಸ್ಟರ್’ ಅಂತಲೇ ಬಿಡೋಣವಾ?