ಸೇನಬೋವ ಯಾರು? ಶಾನಭಾಗ ಎಲ್ಲಿಂದ ಬಂತು?

ಹಳೆಯ ಕನ್ನಡ ಶಾಸನಗಳನ್ನು ಓದುವವರಿಗೆ ‘ಸೇನಬೋವ’ ಆಗಾಗ ಎದುರಾಗುತ್ತದೆ. ದಾನದ ವಿವರ, ಹೊಲದ ಎಲ್ಲೆ ಎಲ್ಲ ಮುಗಿದ ಮೇಲೆ ಇದು ಊರ ಸೇನಬೋವ ಇಂಥವನ ಬರಹ ಎಂದಿರುತ್ತದೆ. ‘ಸೇನ’ ಕಂಡ ಕೂಡಲೇ ದಂಡಿನವನು ಇರಬೇಕು ಅನಿಸುತ್ತದೆ, ಅಲ್ವಾ? ಆದರೆ ಅವನು ಮಾಡಿದ ಕೆಲಸ ಆ ಸಾಲಿನಲ್ಲೇ ಇದೆ. ಸೇನಬೋವ ಎಂದರೆ ಊರಿನ ಲೆಕ್ಕಪತ್ರ ಬರೆಯುವವನು.

ನಾವೆಲ್ಲ ಕೇಳಿರುವ ಶಾನುಭೋಗ ಇವನೇ. ಸೆಟ್ಟಿ ಶೆಟ್ಟಿಯಾದ ಹಾಗೆ ಇಲ್ಲೂ ಸಕಾರ ಶಕಾರವಾಗಿದೆ. ‘ಭೋಗ’ ನೋಡಿ ಸುಖ ಅನುಭವಿಸುವವನು ಎಂದು ಅರ್ಥ ಹೇಳುವುದನ್ನು ಕೇಳಿದ್ದೇನೆ. ಹೀಗೆ ಪದವನ್ನು ಸುಮ್ನೆ ಒಡೆದು ಅರ್ಥ ಕಟ್ಟುವುದಕ್ಕಿಂತ ಬಳಕೆಯನ್ನು ನೋಡುವುದೇ ಸರಿಯಾದ ದಾರಿ.

ಕಂದಾಯ, ಜಮೀನಿನ ವಿವರ, ಬೆಳೆಯ ಲೆಕ್ಕ ಎಲ್ಲ ಶಾನುಭೋಗರ ಹತ್ತಿರ ಇರುತ್ತಿತ್ತು. ಕಾಗದ ಬಳಕೆಗೆ ಬರುವ ಮೊದಲು ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಪಟ್ಟಿಪಟ್ಟಿಯಾಗಿ ಮಡಚಿದರೆ ಕಡತ. ಕಪ್ಪು ಮೈಮೇಲೆ ಬಳಪದ ಬಿಳಿ ಅಕ್ಷರ. ಬೇಡವಾದ ಸಾಲನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇಂದಿನ ಕಚೇರಿಗಳಲ್ಲಿ ಫೈಲಿಗೆ ಕಡತ ಅನ್ನುವುದು ಅಲ್ಲಿಂದಲೇ ಬಂದದ್ದು.

ಇನ್ನು ಶಾನಭಾಗ. ಇದು ಕರಾವಳಿಯಲ್ಲಿ, ಅದರಲ್ಲೂ ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ಜಾಸ್ತಿ ಕೇಳುವ ಅಡ್ಡಹೆಸರು. ಶ್ಯಾನಭಾಗ, ಶಾನಭೋಗ ಎಂದೂ ಬರೆಯುತ್ತಾರೆ. ‘ಭಾಗ’ ಇದೆಯೆಂದು ಆಸ್ತಿಯ ಪಾಲಿಗೆ ಗಂಟು ಹಾಕಬೇಕಿಲ್ಲ. ಹುದ್ದೆಯ ಹೆಸರು ಮನೆತನಕ್ಕೆ ಅಂಟಿಕೊಂಡು, ಬಾಯಿಂದ ಬಾಯಿಗೆ ಸ್ವಲ್ಪ ಬದಲಾಗಿದೆ, ಅಷ್ಟೇ. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸ ಮಾಡುತ್ತಿದ್ದವರು ಕುಲಕರ್ಣಿ. ಹಳೇ ಮೈಸೂರಿನಲ್ಲಿ ಮಾತ್ರ ಶಾನುಭೋಗ ಹೆಚ್ಚಾಗಿ ಹುದ್ದೆಯ ಹೆಸರಾಗಿಯೇ ಉಳಿಯಿತು. ಹಾಗಾಗಿ ಈ ಹೆಸರಿನಿಂದ ಪೂರ್ವಿಕರ ಕೆಲಸವನ್ನು ಊಹಿಸಬಹುದೇ ಹೊರತು ಜಾತಿಯನ್ನಾಗಲಿ, ಮನೆಮಾತನ್ನಾಗಲಿ ಹೇಳಲಾಗದು.

ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂದು, ಜಾರಿಯಾದದ್ದು 1963ರಲ್ಲಿ. ವಂಶದಿಂದ ಬರುತ್ತಿದ್ದ ಶಾನುಭೋಗಿಕೆ ಹೋಯಿತು, ಸಂಬಳದ ಗ್ರಾಮಲೆಕ್ಕಿಗರು ಬಂದರು.

ನಿಮ್ಮ ಮನೆಯ ಹಳೆಯ ಕ್ರಯಪತ್ರಗಳಿದ್ದರೆ ಕೆಳಗಿನ ಬಿಕ್ಕಲಂ ಸಾಲನ್ನು ನೋಡಿ. ಪತ್ರ ಬರೆದವರ ಹೆಸರು ಅಲ್ಲಿರುತ್ತದೆ. ಶಾನುಭೋಗ, ಶಾನಭೋಗ, ಶ್ಯಾನಭಾಗ, ಯಾವ ರೂಪ ಸಿಕ್ಕಿತು, ಯಾವ ತಾಲ್ಲೂಕು, ಯಾವ ಇಸವಿ ಎಂದು ತಿಳಿಸಿ.